ಮುಡಿಯ ಗುಲಾಬಿ, ಭರಣಿಯ ಗುಲಾಬಿ

ಕಮ್ಮರಡಿ, ಕೊಪ್ಪ, ಶೃಂಗೇರಿ ಸೀಮೆಯ ಅಂಗಳಗಳಲ್ಲಿ ಗುಲಾಬಿ ಎಂದರೆ ಮುಡಿಗೂ ದೇವರಿಗೂ ಹೂವು, ಗುಲ್ಕನ್ ಮಾಡಿದರೆ ಮದ್ದು. ಎರಡೂ ಒಂದೇ ಗಿಡದಿಂದ ಸಿಗುತ್ತವೆ ಎಂಬ ನಂಬಿಕೆಯನ್ನು ಗುಲಾಬಿಯ ಚರಿತ್ರೆ ಒಪ್ಪುವುದಿಲ್ಲ. ಪನ್ನೀರು ಗುಲಾಬಿ ದಮಾಸ್ಕ್ ಬಳಗದ್ದು: ತಿಳಿ ಬಣ್ಣ, ಸಡಿಲ ಎಸಳು, ಬೇಗ ಉದುರುವ ಹೂ, ಆದರೆ ತುಂಬು ಪರಿಮಳ. ಮೂರು ಜಾತಿಗಳ ಬೆರಕೆಯಿಂದ ದಮಾಸ್ಕ್ ಹುಟ್ಟಿತೆಂದು 2000ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿದೆ. ನರ್ಸರಿಯ ದೊಡ್ಡ ಹೂವಿನ ಕಸಿ ಗಿಡದ ವಂಶವೇ ಬೇರೆ. ವರ್ಷವಿಡೀ ಹೂಬಿಡುವ ಚೀನಾ ಗುಲಾಬಿಗಳನ್ನು ಯೂರೋಪಿನವರು ತಮ್ಮ ಗಿಡಗಳೊಡನೆ ಬೆರೆಸಿದರು. 1867ರ ‘ಲಾ ಫ್ರಾನ್ಸ್’ ಹೈಬ್ರಿಡ್ ಟೀ ವರ್ಗದ ಮೊದಲನೆಯದೆಂದು ಹೆಸರಾಯಿತು. ಆ ತಳಿಗಾರರು ಮುಖ್ಯವಾಗಿ ಹುಡುಕಿದ್ದು ಆಕಾರ ಮತ್ತು ಬಣ್ಣವನ್ನು, ಮದ್ದನ್ನಲ್ಲ.

ಈ ಗುಲಾಬಿಗಳು ಹೊರಗಿನಿಂದ ಬಂದವು ಎಂದರೆ, ಗುಲಾಬಿ ಆಯುರ್ವೇದದಲ್ಲೇ ಇದೆಯಲ್ಲ, ಹೊರಗಿನದು ಹೇಗಾದೀತು ಎಂದು ಕೇಳಬಹುದು. ಚರಕ, ಸುಶ್ರುತರ ‘ಶತಪತ್ರ’ವನ್ನು ಸಾಮಾನ್ಯವಾಗಿ ತಾವರೆಯೆಂದೇ ಗುರುತಿಸುತ್ತಾರೆ, ಗುಲಾಬಿಯೆಂದು ತಿಳಿಯುವ ‘ಶತಪತ್ರೀ’ ಸ್ಪಷ್ಟವಾಗಿ ಕಾಣುವುದು ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ. ನೀಲಗಿರಿ, ಪಳನಿ ಬೆಟ್ಟಗಳಲ್ಲಿ ಕಾಡುಗುಲಾಬಿ ಇದೆ ನಿಜ, ಆದರೆ ಗುಲ್ಕನ್ನಿನ ಹೂ ಅದಲ್ಲ. ತೋಟದ ಗುಲಾಬಿಗೆ ನಮ್ಮಲ್ಲಿ ಆಸರೆ ಕೊಟ್ಟವರಲ್ಲಿ ಮೈಸೂರಿನ ದೊರೆಗಳೂ ಇದ್ದರು. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಬೆಂಗಳೂರಿನ ತೋಟವನ್ನು 1800ರಲ್ಲಿ ನೋಡಿದ ಫ್ರಾನ್ಸಿಸ್ ಬುಕನನ್, ಅಲ್ಲಿ ಒಂದು ಪಾತಿ ಪೂರ್ತಿ ಗುಲಾಬಿಗೇ ಮೀಸಲಾಗಿತ್ತೆಂದು ಬರೆದಿದ್ದಾನೆ. ತಡವಾಗಿ ಬಂದದ್ದು ಕೊರತೆಯೇನಲ್ಲ; ಮೆಣಸಿನಕಾಯಿಯೂ ಹಾಗೆಯೇ ಬಂದು ನಮ್ಮದಾಯಿತು.

ಎಸಳು ಯಾವುದಾದರೇನು, ಸಕ್ಕರೆ ಬೆರೆಸಿದರೆ ಗುಲ್ಕನ್ ಆಗುತ್ತದಲ್ಲ ಎಂಬುದು ಇನ್ನೊಂದು ವಾದ. ಮಾಡುವ ಕ್ರಮವೇ ಇದಕ್ಕೆ ಉತ್ತರ. ಭರಣಿಯಲ್ಲಿ ಒಂದು ಪದರ ಎಸಳು, ಒಂದು ಪದರ ಸಕ್ಕರೆ ಹಾಕಿ, ಮಳೆ ಹಿಡಿಯುವ ಮೊದಲೇ ವಾರಗಟ್ಟಲೆ ಬಿಸಿಲಿಗಿಡಬೇಕು. ಇಲ್ಲಿ ತೊಳೆದ ಎಸಳನ್ನು ಕುದಿಸುವುದೂ ಇಲ್ಲ, ಸೋಸುವುದೂ ಇಲ್ಲ. ಹೀಗಾಗಿ ಎಸಳಿನ ಪರಿಮಳದಂತೆ, ತೊಳೆದರೂ ಹೋಗದ ಕೀಟನಾಶಕವೂ ಅದರಲ್ಲೇ ಉಳಿಯುತ್ತದೆ. ಮಲೆನಾಡಿನ ಮಳೆಗೆ ಕಸಿ ಗುಲಾಬಿಯ ಎಲೆಗಳಲ್ಲಿ ಕಪ್ಪುಚುಕ್ಕೆ ರೋಗ ಬರುವುದು ಸಾಮಾನ್ಯ, ಅದಕ್ಕೆ ಔಷಧಿ ಸಿಂಪಡಿಸುವುದೂ ಸಾಮಾನ್ಯ. ಅಂಥ ಹೂ ಮುಡಿಗೆ ಚೆಂದ, ಹೊಟ್ಟೆಗೆ ಸಲ್ಲದು. ಗುಲ್ಕನ್ನಿನ ಬಹುಪಾಲು ಸಕ್ಕರೆಯೇ ಆದ್ದರಿಂದ ಸಕ್ಕರೆ ಕಾಯಿಲೆಯವರು ಅದರಿಂದ ದೂರವಿರುವುದು ಒಳ್ಳೆಯದು.

ಕಸಿ ಗುಲಾಬಿಯನ್ನು ಕೀಳಬೇಕಿಲ್ಲ. ಆದರೆ ಪನ್ನೀರು ಗುಲಾಬಿಯ ಒಂದು ಕಡ್ಡಿಯನ್ನಾದರೂ ಅದರ ಪಕ್ಕದಲ್ಲಿ ನೆಡಿ, ಔಷಧಿ ಹೊಡೆಯದೆ ಬೆಳೆಸಿ, ಗುಲ್ಕನ್ನಿಗೆ ಅದರ ಹೂವನ್ನೇ ಬಳಸಿ.