ಪದ ಪರಿಚಯ: ಕ್ರಾಸ್

ಜಯನಗರ 4ನೇ ಬ್ಲಾಕ್, 11ನೇ ಮೇನ್, 30ನೇ ಕ್ರಾಸ್. ಇಂಗ್ಲಿಷ್ ಬಾರದವರೂ ತಡವರಿಸದೆ ಹೇಳುವ ವಿಳಾಸವಿದು. 1948ರಲ್ಲಿ ಅಡಿಗಲ್ಲು ಕಂಡ ಬೆಂಗಳೂರಿನ ಈ ಬಡಾವಣೆಯಲ್ಲಿ ದಾರಿ ತಿಳಿಯಬೇಕಾದರೆ ಎಣಿಕೆ ಗೊತ್ತಿದ್ದರೆ ಸಾಕು.

ಲ್ಯಾಟಿನ್ನಿನ 'ಕ್ರುಕ್ಸ್', ಅಂದರೆ ಶಿಲುಬೆ, ಈ ಪದದ ಮೂಲ. ಐರಿಷ್, ನಾರ್ಸ್ ಭಾಷೆಗಳನ್ನು ಹಾದು ಅದು ಇಂಗ್ಲಿಷಿಗೆ ಬಂತು. ಅಲ್ಲಿ ಶಿಲುಬೆ, ಅಡ್ಡಗೆರೆ, ದಾಟುವುದು, ಸಿಡುಕು, ಇಷ್ಟೆಲ್ಲ ಅರ್ಥಗಳುಂಟು. ಮುಖ್ಯರಸ್ತೆಯನ್ನು ಕತ್ತರಿಸುವ ಬೀದಿಗೆ ಬರಿದೇ 'ಕ್ರಾಸ್' ಎನ್ನುವುದು ಮಾತ್ರ ನಮ್ಮ ಕಡೆಯ ಬಳಕೆ. ಲಂಡನ್ನಿನಲ್ಲಿ 'ನೈನ್ತ್ ಕ್ರಾಸ್' ಎಂದರೆ ಕೇಳಿದವರು ಗೊಂದಲಪಡುತ್ತಾರೆ. ಅಲ್ಲಿ 'ಸೈಡ್ ಸ್ಟ್ರೀಟ್' ಎನ್ನಬೇಕು. ಇಂಗ್ಲಿಷ್ ಕಲಿಯುವವರು ಇದನ್ನು ನೆನಪಿಡುವುದು ಒಳ್ಳೆಯದು.

ಬೆಂಗಳೂರಿನಾಚೆ ಅರ್ಥ ಇನ್ನೊಂದು. ಹೆದ್ದಾರಿಯಿಂದ ಊರಿಗೆ ದಾರಿ ಕವಲೊಡೆಯುವ ಜಾಗವೇ ಹಳ್ಳಿಗರ ಕ್ರಾಸ್. ಊರೊಳಗೆ ಹೋಗದ ಬಸ್ಸು ಅಲ್ಲೇ ಇಳಿಸುತ್ತದೆ. ಒಂದು ಚಹಾದಂಗಡಿ, ಒಂದು ತಂಗುದಾಣ ಎದ್ದರೆ ಅದೇ ಊರಿನ ಹೆಬ್ಬಾಗಿಲು. ಕೈಮರವಿದ್ದ ಕವಲುಗಳಿಗೆ 'ಕೈಮರ' ಎಂಬ ಸೊಗಸಾದ ಹೆಸರೇ ಇತ್ತು, ಮಲೆನಾಡಿನಲ್ಲಿ ಈಗಲೂ ಇದೆ.

ಪದ ಕನ್ನಡದ ವಿಭಕ್ತಿಗಳನ್ನೂ ಒಪ್ಪಿಕೊಂಡಿದೆ: ಕ್ರಾಸಿಗೆ, ಕ್ರಾಸಿನಲ್ಲಿ, ಕ್ರಾಸಿಂದ. ಹಾಗಾಗಿ ಇದನ್ನು ಪರಭಾಷೆಯದೆಂದು ದೂಡುವುದು ನನಗೆ ಸರಿಕಾಣದು. ಆದರೆ ಬೀದಿಫಲಕದ 'ಅಡ್ಡರಸ್ತೆ' ಅಚ್ಚುಕಟ್ಟಾದ ಮಾತು, ಕೇಳಿದ ಕೂಡಲೇ ಅರ್ಥವಾಗುತ್ತದೆ. ಆಟೋ ಚಾಲಕರಿಗೆ, ಮಕ್ಕಳಿಗೆ ದಾರಿ ಹೇಳುವಾಗ ಅದನ್ನೂ ಬಾಯಲ್ಲಿ ಆಡಿಸೋಣ.