ಅರದ ಗುರುತು

ಕೊಡಗಿನಿಂದ ಬಂದಿದ್ದ ಹಿರಿಯರೊಬ್ಬರು ಅಪ್ಪನ ಮುಂದೆ ಗೋಣಿಚೀಲ ಬಿಚ್ಚಿ ಎರಡು ಬೊಗಸೆ ಖಾಲಿ ತೋಟಾ ಸುರಿದಾಗ ನನಗೆ ಹದಿನಾಲ್ಕು ವರ್ಷ. ಎಲ್ಲ ರೈಫಲ್ಲಿನ ಹಿತ್ತಾಳೆ ಚಿಪ್ಪುಗಳು, ಹೊಗೆ ಹಿಡಿದು ಕಪ್ಪಾಗಿದ್ದವು. "ಆಚಾರ್ರೇ, ಇವು ನಮ್ಮ ತಂದೆಯವರ ಕಾಲದವು. ಐನ್‌ಮನೆಗೆ ಒಂದು ತೂಗುದೀಪ ಎರಕ ಹೊಯ್ಯಿಸಬೇಕು. ಇವನ್ನೂ ಅದರಲ್ಲಿ ಸೇರಿಸಿಕೊಡ್ತೀರಾ?" ಅಂದರು.

ಅಪ್ಪ ತಕ್ಷಣ ಹೂಂ ಅನ್ನಲಿಲ್ಲ. ಒಂದೊಂದೇ ಚಿಪ್ಪನ್ನು ಬೆಳಕಿಗೆ ಹಿಡಿದು, ಬುಡದ ಕೇಪು ಸಿಡಿದಿದೆಯೇ ಎಂದು ನೋಡಿದರು. ಅನುಮಾನ ಬಂದ ನಾಲ್ಕನ್ನು ಬೇರೆ ಇಟ್ಟು, ಇವನ್ನು ಪೊಲೀಸ್ ಠಾಣೆಗೆ ಕೊಡಿ, ಮೂಸೆಯ ಹತ್ತಿರ ಬೇಡ ಎಂದರು. ಉಳಿದವನ್ನು ಕೈಯಲ್ಲಿ ಹೊರಳಿಸುತ್ತಿದ್ದವರು ಒಂದರ ಬಾಯಂಚಿನ ಮೇಲೆ ಉಗುರು ಆಡಿಸಿ ನಿಂತುಬಿಟ್ಟರು. "ಸ್ವಾಮಿ, ಇದರ ಬಾಯಿಗೆ ಅರ ಹಾಕಿದೋರು ಯಾರು?"

ಹಿರಿಯರ ಮುಖ ಅರಳಿತು. ಅವರ ತಂದೆ ಸಂಜೆ ಹೊತ್ತು ಮೇಜಿನ ಮುಂದೆ ಕೂತು ತೋಟಾ ಮತ್ತೆ ತುಂಬುತ್ತಿದ್ದರಂತೆ. ಕೋವಿ ಹಾರಿದಾಗ ಒಳಗಿನ ಒತ್ತಡಕ್ಕೆ ಚಿಪ್ಪು ಉಬ್ಬುತ್ತದೆ. ಉಬ್ಬಿದ್ದನ್ನು ಅಚ್ಚಿಗೆ ಒತ್ತಿ ಹಳೆಯ ಗಾತ್ರಕ್ಕೆ ತಂದರೆ ಹಿತ್ತಾಳೆ ಬಾಯಿಯ ಕಡೆಗೆ ಸರಿದು ಚಿಪ್ಪು ಕೂದಲೆಳೆಯಷ್ಟು ಉದ್ದವಾಗುತ್ತದೆ. ಆ ಹೆಚ್ಚಳವನ್ನು ಹಾಗೇ ಬಿಟ್ಟರೆ ಮುಂದಿನ ಸಲ ಬಾಯಂಚು ಕೋವಿಯೊಳಗೆ ಸಿಕ್ಕಿಕೊಂಡು ಗುಂಡನ್ನು ಬಿಗಿಯಾಗಿ ಹಿಡಿದುಬಿಡುತ್ತದೆ, ಒತ್ತಡ ಮಿತಿ ಮೀರುತ್ತದೆ. ಅದಕ್ಕೇ ಪ್ರತಿ ಚಿಪ್ಪನ್ನೂ ಅಳೆದು, ಹೆಚ್ಚಾದಷ್ಟನ್ನೇ ಅರದಿಂದ ತೆಗೆದು, ಒಳಗೂ ಹೊರಗೂ ಎದ್ದ ಮುಳ್ಳನ್ನು ಸವರಿ ನಯ ಮಾಡಬೇಕು. "ಹಾಗಾದ್ರೆ ಅವರೂ ನಮ್ಮ ಕಸುಬಿನೋರೇ" ಅಂದರು ಅಪ್ಪ. ಅದು ಮೆಚ್ಚುಗೆ. ಅಪ್ಪನ ಬಾಯಿಂದ ಅಂಥ ಮಾತು ಸುಲಭಕ್ಕೆ ಬರುತ್ತಿರಲಿಲ್ಲ.

ಮಾಲೂರು ತಾಲ್ಲೂಕಿನ ನಮ್ಮ ಶಿವಾರಪಟ್ಟಣಕ್ಕೆ ಬಂದವರು ಮೊದಲು ಕೇಳಿಸಿಕೊಳ್ಳುವುದು ಕಲ್ಲಿನ ಸದ್ದು. ಮನೆಮನೆಯ ಮುಂದೆ ಅರ್ಧ ಕೆತ್ತಿದ ನಂದಿ, ನಾಗರಕಲ್ಲು, ಬಾಗಿಲವಾಡ. ಹೆಗ್ಗಡದೇವನಕೋಟೆ ಕಡೆಯಿಂದ ಲಾರಿಯಲ್ಲಿ ಬಂದ ಕೃಷ್ಣಶಿಲೆ ಬೀದಿಬದಿಯಲ್ಲಿ ಬಿದ್ದಿರುತ್ತದೆ. ಊರಿನ ಹಿರಿಯರು ನಮ್ಮ ಕಸುಬನ್ನು ಗಂಗರ ಕಾಲಕ್ಕೆ ಒಯ್ಯುತ್ತಾರೆ. ಕುವಳಾಲ ಅಂದರೆ ಈಗಿನ ಕೋಲಾರ, ಗಂಗರ ಮೊದಲ ರಾಜಧಾನಿ. ತಲಕಾಡಿಗೆ ಹೋದ ಮೇಲೂ ಅವರು ಕುವಳಾಲಪುರದ ಒಡೆಯರೆಂಬ ಬಿರುದನ್ನು ಬಿಡಲಿಲ್ಲ. ಆಮೇಲೆ ಚೋಳರು ಬಂದರು. ಕೋಲಾರಮ್ಮನ ಗುಡಿಯ ಗೋಡೆಗಳಲ್ಲಿ ಅವರ ಶಾಸನಗಳಿವೆ. ಕಲ್ಲಿನ ಚರಿತ್ರೆಯನ್ನು ಬರೆಯುವವರು ಸಾಕಷ್ಟು ಜನ ಇದ್ದಾರೆ. ಲೋಹದ ಚರಿತ್ರೆಯೂ ಒಂದಷ್ಟು ಆಗಿದೆ. ಆದರೆ ಎಲ್ಲರೂ ಬೆಂಕಿಯ ಹತ್ತಿರ ನಿಂತುಬಿಡುತ್ತಾರೆ. ಮೂಸೆಯಿಂದ ಲೋಹ ಹೊಯ್ಯುವ ಗಳಿಗೆಯ ಫೋಟೊ ಚೆನ್ನಾಗಿ ಬರುತ್ತದೆ, ನಿಜ. ಹೊಯ್ಯುವುದು ಗಳಿಗೆಯ ಕೆಲಸ. ಅಲ್ಲಿಂದಾಚೆ ಕತ್ತರಿಸಿ, ಅರ ಹಾಕಿ, ಉಳಿ ಹಿಡಿದು ಕೂರುವುದು ವಾರಗಟ್ಟಲೆ. ಆ ವಾರಗಳ ಬಗ್ಗೆ ಯಾರೂ ಬರೆಯುವುದಿಲ್ಲವೆಂಬುದು ನನಗೆ ಬಹಳ ವರ್ಷದಿಂದ ಇರುವ ನೋವು.

ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ, 1126ರಿಂದ 1138ರವರೆಗೆ ಆಳಿದವನು, ತನ್ನ ಮಾನಸೋಲ್ಲಾಸದಲ್ಲಿ ಮೇಣದ ಎರಕವನ್ನು ವಿವರಿಸಿದ್ದಾನೆ. ಆ ಭಾಗವನ್ನು ಮೊದಲ ಸಲ ಓದಿದಾಗ ನಮ್ಮ ಮನೆಯ ಹಜಾರದಲ್ಲೇ ಕೂತು ಬರೆದಂತಿದೆ ಅನ್ನಿಸಿತು. ಮೇಣದಲ್ಲಿ ಮೂರ್ತಿ ಮಾಡಿ ಅದಕ್ಕೆ ನಾಳಗಳನ್ನು ಕೂಡಿಸಬೇಕು, ಅವುಗಳ ಬಾಯಿ ಉಮ್ಮತ್ತಿ ಹೂವಿನಂತೆ ಅರಳಿರಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಸೇರಿಸಿ ನುಣ್ಣಗೆ ಅರೆದ ಮಣ್ಣನ್ನು ಮೂರು ಸಲ ಬಳಿಯಬೇಕು, ನೆರಳಲ್ಲಿ ಒಣಗಿಸಬೇಕು. ಮೇಣವನ್ನು ಮೊದಲೇ ತೂಗಿಟ್ಟುಕೊಂಡಿರಬೇಕು: ತಾಮ್ರ, ಹಿತ್ತಾಳೆ ಆದರೆ ಅದರ ಎಂಟರಷ್ಟು, ಬೆಳ್ಳಿ ಹನ್ನೆರಡರಷ್ಟು, ಚಿನ್ನ ಹದಿನಾರರಷ್ಟು. ನಾವು ಇಂದಿಗೂ ಎಂಟರ ಲೆಕ್ಕ ಹಿಡಿದು ಸ್ವಲ್ಪ ಮೇಲೆ ಹಾಕುತ್ತೇವೆ. ಮೇಲೆ ಹಾಕಿದ್ದು ಕೊನೆಗೆ ನಾಳದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ನಾಳ ತುಂಬಿ ನಿಂತರೆ ಮೂರ್ತಿಗೆ ಲೋಹ ಸಾಲದಾಗಲಿಲ್ಲ ಅಂತ ಧೈರ್ಯ. ಅದನ್ನೇ ಆಮೇಲೆ ಕತ್ತರಿಸುವುದು.

ಕತ್ತರಿಸುವುದರಲ್ಲೇ ಹುಡುಗರು ಮೂರ್ತಿ ಕೆಡಿಸುವುದು. ಉಳಿಯನ್ನು ಮೈಗೆ ತಾಗಿಸಿ ಹೊಡೆದರೆ ನಾಳ ಮುರಿಯುವಾಗ ಮೂರ್ತಿಯ ಬೆನ್ನಿನಿಂದ ಒಂದು ಚೂರು ಕಿತ್ತುಕೊಂಡು ಹೋಗುತ್ತದೆ. ಉಗುರಿನ ಅಗಲ ಬಿಟ್ಟು ಕತ್ತರಿಸಬೇಕು, ಬಿಟ್ಟದ್ದನ್ನು ಅರದಲ್ಲಿ ಇಳಿಸಬೇಕು. ಹೊಸ ಅರ ಮೊದಲು ಹಿತ್ತಾಳೆಗೆ, ಹಲ್ಲು ಮೊಂಡಾದ ಮೇಲೆ ಕಬ್ಬಿಣಕ್ಕೆ. ತಿರುಗಿಸಿ ಮಾಡಿದರೆ ಮೊಂಡು ಅರ ಹಿತ್ತಾಳೆಯ ಮೇಲೆ ಜಾರುತ್ತದೆ, ಕಚ್ಚುವುದಿಲ್ಲ. ಹಲ್ಲಿನ ಸಂದಿಗೆ ಪುಡಿ ಮೆತ್ತದಿರಲಿ ಅಂತ ಅರಕ್ಕೆ ಸೀಮೆಸುಣ್ಣ ಉಜ್ಜುತ್ತಿದ್ದರು ಅಪ್ಪ. ಅರ ಮುಂದಕ್ಕೆ ಹೋಗುವಾಗ ಮಾತ್ರ ಒತ್ತು, ಹಿಂದಕ್ಕೆ ಬರುವಾಗ ಎತ್ತು. ಇಷ್ಟು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು.

ಚೋಳರ ಕಾಲದ ಒಳ್ಳೆಯ ಕಂಚಿನ ಮೂರ್ತಿಗಳಲ್ಲಿ ಒಡವೆ, ಸೆರಗಿನ ಮಡಿಕೆ ಎಲ್ಲ ಬಹುಪಾಲು ಮೇಣದಲ್ಲೇ ಮುಗಿದಿರುತ್ತಿತ್ತು, ಲೋಹದ ಮೇಲೆ ಉಳಿ ಆಡಿಸಿದ್ದು ಕಡಿಮೆ ಎಂದು ತಿಳಿದವರು ಹೇಳುತ್ತಾರೆ. ಬರುಬರುತ್ತಾ ಮೇಣದ ಕೆಲಸ ಇಳಿದು ಉಳಿಯ ಕೆಲಸ ಏರಿತು. ಇದನ್ನು ಇಳಿಗಾಲದ ಲಕ್ಷಣವೆಂದು ಬರೆಯುವುದು ರೂಢಿ. ನನಗೆ ಒಪ್ಪಿಗೆಯಿಲ್ಲ. ಕಲ್ಲಿನಲ್ಲಿ ಪಳಗಿದ ಕೈ ಲೋಹಕ್ಕೆ ಬಂದಾಗ ಅದು ಗಟ್ಟಿ ವಸ್ತುವಿನ ಮೇಲೆಯೇ ಕಣ್ಣು ತೆರೆಸಲು ಬಯಸುತ್ತದೆ. ನಮ್ಮೂರಿನ ಪಂಚಲೋಹದ ಮೂರ್ತಿಯ ಹುಬ್ಬು ನೋಡಿ, ಅದು ಕಲ್ಲುಕುಟಿಗನ ಹುಬ್ಬು.

ಹಾಳೆ ಬಡಿದು ಮಾಡುವ ದೇವರ ಕವಚ, ಪ್ರಭಾವಳಿಗಳದ್ದು ಬೇರೆ ಕಥೆ. ಆ ಕೊಡಗಿನ ಚಿಪ್ಪುಗಳಿಗೆ ನಿಜವಾದ ನೆಂಟಸ್ತಿಕೆ ಇರುವುದು ಅಲ್ಲಿ. ತಾಮ್ರ ಎಪ್ಪತ್ತು ಪಾಲು, ಸತು ಮೂವತ್ತು ಪಾಲು ಸೇರಿದ ಹಿತ್ತಾಳೆ ಬಲು ಹದವಾಗಿ ಬಾಗುತ್ತದೆ. ತೋಟಾಕ್ಕೆ ಬಳಸುವುದೂ ಅದನ್ನೇ. 1866ರ ಬಾಕ್ಸರ್ ತೋಟಾದಲ್ಲಿ ತೆಳು ಹಿತ್ತಾಳೆ ಹಾಳೆಯನ್ನು ಸುರುಳಿ ಸುತ್ತಿರುತ್ತಿದ್ದರು. ಆಮೇಲೆ ಬಿಲ್ಲೆಯನ್ನು ಬಟ್ಟಲು ಮಾಡಿ, ಬಟ್ಟಲನ್ನು ಎಳೆದೆಳೆದು ಕೊಳವೆ ಮಾಡುವುದು ಬಂತು. ಪ್ರತಿ ಎಳೆತಕ್ಕೂ ಹಿತ್ತಾಳೆ ಸೆಡೆತುಕೊಳ್ಳುತ್ತದೆ, ಕಾಯಿಸಿ ಮೆತ್ತಗೆ ಮಾಡಬೇಕು. ಪ್ರತಿ ಎಳೆತಕ್ಕೂ ಅಂಚು ಅಡ್ಡಾದಿಡ್ಡಿ ಬೆಳೆಯುತ್ತದೆ, ಕತ್ತರಿಸಬೇಕು. ರಾಳದ ಹಾಸಿನ ಮೇಲೆ ಹಾಳೆ ಕೂರಿಸಿ ನರಸಿಂಹನ ಮುಖ ಎಬ್ಬಿಸುವಾಗ ನಾವು ಮಾಡುವುದೂ ಅಷ್ಟೇ: ಬಡಿ, ಕಾಯಿಸು, ಬಡಿ, ಅಂಚು ಸವರು. ಸವರದೆ ಬಿಟ್ಟ ಅಂಚಿನಿಂದಲೇ ಸೀಳು ಹೊರಡುವುದು.

ಈ ಸೀಳಿನ ಬಗ್ಗೆ ಒಂದು ಸಂಗತಿ ಓದಿ ಬೆರಗಾದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಮಳೆಗಾಲಕ್ಕೆಂದು ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳು ತಾವಾಗಿಯೇ ಬಿರಿಯುತ್ತಿದ್ದವು. ಯಾರೂ ಮುಟ್ಟಿರಲಿಲ್ಲ, ಹಾರಿಸಿರಲಿಲ್ಲ. 1921ರ ಹೊತ್ತಿಗೆ ಕಾರಣ ಬಯಲಾಯಿತು: ಕುದುರೆ ಗಂಜಲದಿಂದ ಏಳುವ ಅಮೋನಿಯ, ಮಳೆಗಾಲದ ತೇವ, ಇವೆರಡರ ಜೊತೆಗೆ ಎಳೆದಾಗ ಹಿತ್ತಾಳೆಯೊಳಗೆ ಉಳಿದುಹೋದ ಬಿಗಿತ. ಹದವಾಗಿ ಕಾಯಿಸಿ ಆ ಬಿಗಿತ ಬಿಡಿಸಿದರೆ ಬಿರಿಯುವುದಿಲ್ಲ. ಓದಿದ ದಿನವೇ ಅಟ್ಟ ಹತ್ತಿ, ಬಡಿದಿಟ್ಟು ಕಾಯಿಸದೆ ಬಿಟ್ಟಿದ್ದ ಪ್ರಭಾವಳಿಯೊಂದನ್ನು ಇಳಿಸಿದೆ. ಎಡಗಡೆಯ ಮಕರದ ಸೊಂಡಿಲ ಬುಡದಲ್ಲಿ ಕೂದಲಿನಂಥ ಗೆರೆ. ನಮ್ಮ ಅಟ್ಟದ ಕೆಳಗೇ ಹಸುವಿನ ಕೊಟ್ಟಿಗೆ.

ಕೊಡಗಿನವರ ದೀಪಕ್ಕೆ ಆ ಚಿಪ್ಪುಗಳ ಜೊತೆ ಇನ್ನೂ ಹಿತ್ತಾಳೆ ಬೇಕಾಯಿತು. ಅಪ್ಪ ಮೂಸೆಯ ಮೇಲೆ ಕಣ್ಣಿಟ್ಟೇ ಕೂತಿದ್ದರು. ಕಾವು ಹೆಚ್ಚಾದರೆ ಸತು ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ, ಉಳಿದದ್ದು ಕೆಂಪಗಾಗುತ್ತದೆ. ಮೊದಲ ಬಿಳಿ ಎಳೆ ಕಂಡ ಕೂಡಲೇ ಮೂಸೆ ಎತ್ತಿದರು. ಮಣ್ಣು ಒಡೆದ ಮೇಲೆ ನಾಳ ಕತ್ತರಿಸುವ ಕೆಲಸ ನನ್ನದಾಯಿತು, ಉಗುರಿನ ಅಗಲ ಬಿಟ್ಟೆ. ಆಮೇಲೆ ನಾಲ್ಕು ದಿನ ಅರ. ನಾನು ಅರ ಹಾಕುವಾಗ ಅಪ್ಪ ಕೆಳಗೆ ಹಳೆ ಪಂಚೆ ಹಾಸಿದ್ದರು. ಗಿರಾಕಿ ತಂದ ಲೋಹವನ್ನು ಬರುವಾಗ ತೂಗುವುದು, ಹೋಗುವಾಗ ತೂಗುವುದು ನಮ್ಮ ಮನೆಯ ಪದ್ಧತಿ. ಕತ್ತರಿಸಿದ ನಾಳ, ಉದುರಿದ ಪುಡಿ ಎಲ್ಲವೂ ಅವರದೇ.

ದೀಪ ಒಯ್ಯಲು ಬಂದ ದಿನ ಹಿರಿಯರ ಕೈಗೆ ಅಪ್ಪ ಮೂರು ವಸ್ತು ಕೊಟ್ಟರು: ದೀಪ, ನಾಳದ ತುಂಡುಗಳು, ಕಾಗದದ ಪೊಟ್ಟಣದಲ್ಲಿ ಅರದ ಪುಡಿ. ಹಿರಿಯರು ಪೊಟ್ಟಣವನ್ನು ಅಂಗೈಯಲ್ಲಿಟ್ಟು ತೂಗಿದಂತೆ ಮಾಡಿ, ನಮ್ಮ ತಂದೆಯವರೂ ಹೀಗೇ ಡಬ್ಬಿಯಲ್ಲಿ ಕೂಡಿಡುತ್ತಿದ್ದರು ಅಂದರು. ಆಮೇಲೆ ಜೇಬಿನಿಂದ ಕರಗಿಸಲು ಕೊಡದೆ ಉಳಿಸಿಕೊಂಡಿದ್ದ ಒಂದು ಚಿಪ್ಪು ತೆಗೆದು ನನಗೆ ಕೊಟ್ಟರು. ಅದರ ಬಾಯಂಚಿನ ಅರದ ಗೆರೆಗಳು ಒಂದೇ ಕಡೆಗೆ ಓರೆಯಾಗಿವೆ. ಅರ ಹಾಕಿದವರು ಎಡಗೈಯವರಿರಬೇಕು ಅಂತ ಅಪ್ಪ ಆಗಲೇ ಹೇಳಿದ್ದರು. ಹಿರಿಯರು ಹೌದೆಂದು ತಲೆಯಾಡಿಸಿದ್ದರು.