ಕೀಲು, ಕೀಲೆಣ್ಣೆ ಮತ್ತು ಘರ್ಷಣೆ

ಕಳೆದ ಚಳಿಗಾಲದ ರಜೆಯಲ್ಲಿ, ಇಲ್ಲಿ ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ ಓದುತ್ತಿರುವ ಮೊಮ್ಮಗಳು ಕೇಳಿದಳು: "ತಾತ, ಇಟ್ಟಿಗೆಯ ಅಗಲ ಮುಖ ಕೆಳಗಿಟ್ಟು ಎಳೆದರೆ ಘರ್ಷಣೆ ಜಾಸ್ತಿಯೋ, ಕಿರಿ ಮುಖ ಕೆಳಗಿಟ್ಟರೆ ಜಾಸ್ತಿಯೋ?" ನಾನು ಯೋಚಿಸದೆ "ಅಗಲ ಮುಖವೇ. ನೆಲಕ್ಕೆ ತಾಗುವ ಜಾಗ ಹೆಚ್ಚಲ್ಲವೇ?" ಎಂದೆ. ಅವಳು ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಎರಡೂ ರೀತಿ ಎಳೆದು ತೋರಿಸಿದಳು. ಮುಳ್ಳು ಎರಡು ಸಲವೂ ಹೆಚ್ಚುಕಡಿಮೆ ಒಂದೇ ಕಡೆ ನಿಂತಿತು. ನನ್ನ ಉತ್ತರ ತಪ್ಪಾಗಿತ್ತು.

ಈ ತಪ್ಪು ಮಾಡಿದವರಲ್ಲಿ ನಾನೇನೂ ಮೊದಲಿಗನಲ್ಲ. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೇ ಲಿಯೊನಾರ್ಡೊ ಡ ವಿಂಚಿ ಈ ಪ್ರಯೋಗ ಮಾಡಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದ. ಆ ಪುಟಗಳು ಅಚ್ಚಾಗಲಿಲ್ಲ, ಜ್ಞಾನ ಅಲ್ಲೇ ಉಳಿಯಿತು. 1699ರಲ್ಲಿ ಗಿಯೋಮ್ ಅಮೊಂಟೋನ್ ಎಂಬ ಫ್ರೆಂಚ್ ಪ್ರಯೋಗಶೀಲ ಅದನ್ನು ಮತ್ತೆ ಕಂಡುಕೊಂಡ. ಎಳೆವಯಸ್ಸಿನಲ್ಲೇ ಕಿವುಡನಾದ ಈತ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಅವನು ಹೇಳಿದ್ದು ಎರಡು ಮಾತು: ಘರ್ಷಣೆ ಒತ್ತುವ ಭಾರಕ್ಕೆ ಅನುಪಾತದಲ್ಲಿರುತ್ತದೆ, ತಾಗುವ ಜಾಗದ ವಿಸ್ತಾರವನ್ನು ಅವಲಂಬಿಸುವುದಿಲ್ಲ. ಎರಡನೆಯ ಮಾತನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಸುಲಭವಾಗಿ ಒಪ್ಪಲಿಲ್ಲ. ಪರೀಕ್ಷಿಸಿ ನೋಡಿದ ಮೇಲೆ ಒಪ್ಪಬೇಕಾಯಿತು. 1785ರಲ್ಲಿ ಪ್ರಕಟವಾದ ಕುಲೋಂಬನ ಪ್ರಯೋಗಗಳು ಈ ನಿಯಮಗಳನ್ನು ಗಟ್ಟಿಗೊಳಿಸಿದವು.

ಇದು ವೈದ್ಯನಾದ ನನಗೆ ಏಕೆ ಮುಖ್ಯ? ನಮ್ಮ ಕನ್ನಡದಲ್ಲಿ ಗಾಡಿಯ ಅಚ್ಚಿಗೆ ಹಾಕುವುದು ಕೀಲೆಣ್ಣೆ. ಮೈಯ ಮೂಳೆಗಳು ಕೂಡುವ ಕಡೆಯೂ ಕೀಲೇ. ಹಳ್ಳಿಯವರು ಎರಡಕ್ಕೂ ಒಂದೇ ಮಾತು ಬಳಸಿದ್ದು ಎಷ್ಟು ಸರಿ ಎಂಬುದನ್ನು ಜಾನ್ ಚಾರ್ನ್ಲಿ ಎಂಬ ಇಂಗ್ಲಿಷ್ ಶಸ್ತ್ರಚಿಕಿತ್ಸಕನ ಕಥೆ ತೋರಿಸುತ್ತದೆ.

1950ರ ದಶಕದಲ್ಲಿ ಚಾರ್ನ್ಲಿಯ ಬಳಿ ಒಬ್ಬ ರೋಗಿ ಬಂದ. ಅವನ ತೊಡೆಮೂಳೆಗೆ ಅಕ್ರಿಲಿಕ್ ಗುಂಡು ಕೂರಿಸಲಾಗಿತ್ತು. ಅದು ಎಷ್ಟು ಕಿರುಗುಟ್ಟುತ್ತಿತ್ತೆಂದರೆ ಹೆಂಡತಿಗೆ ಆ ಸದ್ದು ಸಹಿಸಲಾಗುತ್ತಿರಲಿಲ್ಲ. ಎಲ್ಲರೂ ನಕ್ಕು ಬಿಡಬಹುದಾಗಿದ್ದ ಈ ದೂರು ಚಾರ್ನ್ಲಿಯನ್ನು ಘರ್ಷಣೆಯ ಲೆಕ್ಕಕ್ಕೆ ತಂದಿತು. ಅಳೆದು ನೋಡಿದಾಗ, ಆರೋಗ್ಯವಂತ ಮೃದ್ವಸ್ಥಿಯ ಘರ್ಷಣೆ ಮಂಜಿನ ಮೇಲೆ ಜಾರುವ ಸ್ಕೇಟಿಗಿಂತಲೂ ಕಡಿಮೆ ಎಂದು ಕಂಡಿತು. ಅಕ್ರಿಲಿಕ್ ಅದರ ಹತ್ತಿರಕ್ಕೂ ಬರಲಿಲ್ಲ. ಮೃದ್ವಸ್ಥಿ ಹೋದ ಮೇಲೆ ಕೀಲಿನ ನೀರು ಕೀಲೆಣ್ಣೆಯ ಕೆಲಸ ಮಾಡುವುದಿಲ್ಲ. ವಸ್ತುವೇ ತಾನಾಗಿ ಜಾರಬೇಕು.

ಇಲ್ಲಿ ಅಮೊಂಟೋನನ ನಿಯಮ ನೆರವಿಗೆ ಬಂತು. ಗುಂಡು ಚಿಕ್ಕದಾದರೂ ಘರ್ಷಣೆಯ ಬಲ ಹೆಚ್ಚುಕಡಿಮೆ ಅಷ್ಟೇ. ಆದರೆ ಕೃತಕ ಬಟ್ಟಲನ್ನು ಸಡಿಲಿಸುವುದು ಬರಿಯ ಬಲವಲ್ಲ. ಬಲವನ್ನು ತ್ರಿಜ್ಯದಿಂದ ಗುಣಿಸಿದಾಗ ಬರುವ ತಿರುಚುಬಲ. ನಮ್ಮ ಸಹಜ ತೊಡೆಗುಂಡಿನ ವ್ಯಾಸ ಸುಮಾರು 45 ಮಿಲಿಮೀಟರ್. ಅದನ್ನು 22 ಮಿಲಿಮೀಟರಿಗೆ ಇಳಿಸಿದರೆ ತಿರುಚುವಿಕೆ ಅರ್ಧಕ್ಕಿಳಿಯುತ್ತದೆ. ಚಾರ್ನ್ಲಿ ಹಾಗೆಯೇ ಚಿಕ್ಕ ಉಕ್ಕಿನ ಗುಂಡನ್ನು ಆರಿಸಿಕೊಂಡ. ಬಟ್ಟಲಿಗೆ ಅತಿ ನುಣುಪಾದ ಟೆಫ್ಲಾನ್ ಬಳಸಿದ.

ರೋಗಿಗಳು ಎದ್ದು ನಡೆದರು. ಸುಮಾರು 300 ಮಂದಿಗೆ ಶಸ್ತ್ರಚಿಕಿತ್ಸೆಯಾಯಿತು. ಆದರೆ ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದವು. ಉದುರಿದ ಪುಡಿಗೆ ಸುತ್ತಲ ಅಂಗಾಂಶ ಕೆರಳಿತು, ಕೀಲು ಸಡಿಲವಾಯಿತು. ನಡೆಯುವ ಸುಖ ಕಂಡವರನ್ನೇ ಮತ್ತೆ ಶಸ್ತ್ರಚಿಕಿತ್ಸೆಯ ಮೇಜಿಗೆ ಕರೆಯುವ ಕಷ್ಟ ಏನೆಂದು ನಮ್ಮ ವೃತ್ತಿಯವರಿಗೆ ಗೊತ್ತು. ಆ ಪುಡಿಯ ಪರಿಣಾಮ ತಿಳಿಯಲು ಚಾರ್ನ್ಲಿ ಟೆಫ್ಲಾನನ್ನು ತನ್ನ ತೊಡೆಯೊಳಗೇ ಸೇರಿಸಿಕೊಂಡ. ಅಲ್ಲಿ ಗಂಟು ಕಟ್ಟಿತು. ಫಲಿತಾಂಶವನ್ನು 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದ.

ಪರಿಹಾರ ಬಂದದ್ದು ಪ್ರಯೋಗಶಾಲೆಯ ತಂತ್ರಜ್ಞ ಹ್ಯಾರಿ ಕ್ರೇವನ್‌ನಿಂದ. 1962ರಲ್ಲಿ ಅವನು ತಂದ ಪಾಲಿಎಥಿಲೀನ್ ತುಣುಕನ್ನು ಚಾರ್ನ್ಲಿ ಮೊದಲು ತಳ್ಳಿಹಾಕಿದ್ದ. ಚಾರ್ನ್ಲಿ ಊರಿನಲ್ಲಿಲ್ಲದಾಗ ಕ್ರೇವನ್ ಅದನ್ನು ಸವೆತದ ಯಂತ್ರಕ್ಕೆ ಹಾಕಿದ. ಅದು ಮೂರು ವಾರದಲ್ಲಿ ಸವೆದದ್ದು ಟೆಫ್ಲಾನ್ ಒಂದೇ ದಿನದಲ್ಲಿ ಸವೆಯುವಷ್ಟೂ ಅಲ್ಲ. ಗಮನಿಸಿ, ಪಾಲಿಎಥಿಲೀನಿನ ಘರ್ಷಣೆ ಟೆಫ್ಲಾನಿಗಿಂತ ಹೆಚ್ಚು. ಘರ್ಷಣೆ ಬೇರೆ, ಸವೆತ ಬೇರೆ. ಚೆನ್ನಾಗಿ ಜಾರುವುದು ಚೆನ್ನಾಗಿ ಬಾಳಬೇಕೆಂದಿಲ್ಲ. ಅದೇ ವರ್ಷದ ನವೆಂಬರಿನಿಂದ ಲ್ಯಾಂಕಾಷೈರಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಹೊಸ ಬಟ್ಟಲು ಬಳಕೆಗೆ ಬಂತು. 1977ರಲ್ಲಿ ಚಾರ್ನ್ಲಿಗೆ ಸರ್ ಪದವಿ ದೊರೆಯಿತು.

ನಮ್ಮ ಸಂಘದ ಯುಗಾದಿ ಊಟದಲ್ಲಿ ಕೃತಕ ಕೀಲಿನ ಮೇಲೆ ನಿಂತು ಒಬ್ಬಟ್ಟು ಬಡಿಸುವ ಹಿರಿಯರಿದ್ದಾರೆ. ಅವರು ನಡೆಯುತ್ತಿರುವುದು ಚಾರ್ನ್ಲಿಯ ಜಾಣ್ಮೆಯಿಂದ ಎಷ್ಟೋ, ತನ್ನ ತಪ್ಪನ್ನು ತಾನೇ ಅಳೆದು ನೋಡುವ ಅವನ ಧೈರ್ಯದಿಂದಲೂ ಅಷ್ಟೇ. ಮೊಮ್ಮಗಳಿಗೆ ಈ ಕಥೆ ಹೇಳಿದೆ. ಎಲ್ಲ ಕೇಳಿ ಅವಳು, "ಹಾಗಾದರೆ ತಾತ, ಮುಂದಿನ ಸಲ ಅಳೆದು ನೋಡಿ ಉತ್ತರ ಹೇಳಿ" ಎಂದಳು. ಒಪ್ಪಿಕೊಂಡಿದ್ದೇನೆ.